ಕಿಡಿ ಮುಂದ ಹಾಕ್ರಿ

ಮಸ್ಕಿಯ ಮೌಲಾಹುಸೇನ ಉಸ್ತಾದನಿಗೆ ಹೆಸರು ಬಂದದ್ದು ಕೈಯಿಂದಲ್ಲ, ಕಿವಿಯಿಂದ. ಲಿಂಗಸುಗೂರು ರಸ್ತೆಯ ಅವನ ಗ್ಯಾರೇಜಿನ ಮುಂದೆ ಗಾಡಿ ಬಂದು ನಿಂತರೆ ಸಾಕು, ಬಾನೆಟ್ ಎತ್ತುವ ಮೊದಲೇ, ಬಾಯಲ್ಲಿನ ಎಲೆಯಡಿಕೆ ಸಹ ಉಗುಳದೆ, "ಮೂರನೇ ಪ್ಲಗ್ ಸತ್ತೈತಿ, ತಗೀರಿ" ಎನ್ನುತ್ತಿದ್ದ. ಬಿಚ್ಚಿದರೆ ಮೂರನೆಯದೇ ಸತ್ತಿರುತ್ತಿತ್ತು. ಉಸ್ತಾದ ಮನೆಯೊಳಗೆ ಊಟಕ್ಕೆ ಕೂತಲ್ಲಿಂದಲೇ ರಸ್ತೆಯಲ್ಲಿ ಹೋದ ಬಸ್ಸಿನ ಡ್ರೈವರ್ ಯಾರೆಂದು ಹೇಳುತ್ತಾನೆ ಎಂದು ಜನ ಹಬ್ಬಿಸಿದ್ದರು. ಅದು ಶುದ್ಧ ಸುಳ್ಳು. ಆದರೆ ಅವನು ಒಮ್ಮೆಯೂ ಅಲ್ಲಗಳೆದಿರಲಿಲ್ಲ. ತನ್ನ ಬಗ್ಗೆ ಒಳ್ಳೆಯ ಸುಳ್ಳು ಹೇಳುವವರ ಬಾಯಿ ಮುಚ್ಚಿಸುವಷ್ಟು ದೊಡ್ಡ ಮನುಷ್ಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಈಗ ಆ ಕಿವಿ ಹೋಗುತ್ತಿತ್ತು. ಲಾರಿ ಕೇಳುತ್ತಿತ್ತು, ಟ್ರ್ಯಾಕ್ಟರ್ ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಹೋದವು ಸಣ್ಣ ಸದ್ದುಗಳು. ಹೆಂಡತಿ ಮಾಬುಬೀಯ ಬಳೆ, ಮೊಬೈಲಿನ ಗಂಟೆ, ನೆಲಕ್ಕೆ ಬಿದ್ದ ನಟ್ಟು. ಒಂದು ದಿನ ಒಲೆಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದವನಿಗೆ ಕುಕ್ಕರಿನ ಸೀಟಿ ಕೇಳದೆ ಬೇಳೆ ಸೀದು ಕರಕಲಾಯಿತು.

"ಲಿಂಗಸುಗೂರಾಗ ಕಿವಿ ಡಾಕ್ಟರ್ ಬಂದಾರಂತ್ರೀ. ಒಮ್ಮೆ ತೋರ್ಸಿಕೊಂಡು ಬರೂಣು," ಎಂದಳು ಮಾಬುಬೀ.

"ಕಿವ್ಯಾಗ ಮಷಿನ್ ಇಟ್ಕೊಂಡು ಮಂದಿ ಮಷಿನ್ ರಿಪೇರಿ ಮಾಡ್ಲೇನು? ಕುರುಡ ಡಾಕ್ಟರಗ ಯಾರರ ಕಣ್ಣು ತೋರಿಸ್ತಾರೇನು?"

ಮಾಬುಬೀ ಸೀದ ಕುಕ್ಕರನ್ನು ತಿಕ್ಕಲು ಕೂತಳು. ಅವಳು ವಾದ ಬಿಟ್ಟದ್ದು ಒಪ್ಪಿ ಅಲ್ಲ, ಗಂಡನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿದ್ದುದನ್ನು ಕೇಳಿ. ಅವಳ ಕಿವಿ ಚೆನ್ನಾಗಿತ್ತು.

ಉಸ್ತಾದ ಒಂದು ಉಪಾಯ ಕಂಡುಕೊಂಡಿದ್ದ. ಯಾರು ಏನು ಹೇಳಿದರೂ "ಹೂಂ, ಗೊತ್ತಾತು" ಎನ್ನುವುದು. ಎರಡನೆಯ ಸಲ ಕೇಳುವ ಗೋಜೇ ಇಲ್ಲ. ಒಮ್ಮೆ "ಏನಂದ್ರಿ?" ಅಂದರೆ ಊರಿಗೆ ಗೊತ್ತಾಗುತ್ತದೆ, ಮಸ್ಕಿಗೆ ಗೊತ್ತಾದದ್ದು ಸಿಂಧನೂರಿಗೆ ಗೊತ್ತಾಗಲು ಬಸ್ಸು ಸಹ ಬೇಕಾಗಿಲ್ಲ. "ಹೂಂ, ಗೊತ್ತಾತು" ಎಂಬ ಈ ಎರಡು ಮಾತಿನ ಮೇಲೆ ಅವನ ಅಂಗಡಿ ನಿಂತಿತ್ತು.

ಅಂಥ ಹೊತ್ತಿನಲ್ಲಿ ಸಿಂಧನೂರಿನ ಶಿವಕಾಂತ ತನ್ನ ಅಪ್ಪನ ಕಾಂಟೆಸ್ಸಾ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಶಿವಕಾಂತನದು ಪೈಪಿನ ವ್ಯಾಪಾರ, ಗಾಡಿಯ ಹುಚ್ಚು. ಅಪ್ಪ ಹಂಪಣ್ಣ ತೀರಿಕೊಂಡ ಮೇಲೆ ಗೋದಾಮಿನಲ್ಲಿ ನಿಂತೇ ಇದ್ದ ಕಾರಿನ ಇಂಜಿನ್ ತುಕ್ಕು ಹಿಡಿದು ಬಿಗಿದುಹೋಗಿತ್ತು. ಸಿಂಧನೂರಿನವರೆಲ್ಲ ಡೀಸೆಲ್ ಇಂಜಿನ್ ಕೂರಿಸಿಬಿಡು ಎಂದರು. ಅವನು ಕೇಳಲಿಲ್ಲ. ಹೈದರಾಬಾದಿನ ಗುಜರಿಯಲ್ಲಿ ಹುಡುಕಾಡಿ ಹಳೆಯ ಕಾಲದ ಜಪಾನಿ ಪೆಟ್ರೋಲ್ ಇಂಜಿನ್ನೊಂದನ್ನು ತಂದಿದ್ದ, ಟರ್ಬೊ ಸಮೇತ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸಕ್ಕೇ ತಿರುಗಿ ಇಂಜಿನ್ನಿನ ಹೊಟ್ಟೆಗೆ ಗಾಳಿ ತುರುಕುವ, ಶಂಖದ ಆಕಾರದ ಒಂದು ಯಂತ್ರ. ಈ ಇಂಜಿನ್ನಿನ ಪಿಸ್ಟನ್ ಇನ್ನು ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ, ಜೋಪಾನ ಎಂದು ಗುಜರಿಯವನು ಹೇಳಿ ಕಳಿಸಿದ್ದ.

"ಅಪ್ಪ ಹೇಳ್ತಿದ್ರು ಉಸ್ತಾದ್," ಎಂದ ಶಿವಕಾಂತ. "ಈ ಗಾಡಿ ಮೌಲಾಸಾಬನ ಕಿವಿಗೆ ಬಿಟ್ರ ಬ್ಯಾರೆ ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ. ಅದಕ್ಕ ನಿಮ್ಮ ಹತ್ರನ ಬಂದೀನಿ."

ಉಸ್ತಾದನಿಗೆ ಆ ಮಾತು ಪೂರ್ತಿ ಕೇಳಿಸಿತು. ಹೊಗಳಿಕೆ ಹೇಗೋ ಕೇಳಿಸಿಬಿಡುತ್ತದೆ. ಆವತ್ತೇ ಅವನು ಮನಸ್ಸಿನಲ್ಲಿ ಒಂದು ಹರಕೆಯಂಥದ್ದು ಕಟ್ಟಿಕೊಂಡ. ಈ ಇಂಜಿನ್ನನ್ನು ಕಿವಿಯಿಂದಲೇ ಹದಕ್ಕೆ ತಂದರೆ ತನ್ನ ಕಿವಿಗೆ ಏನೂ ಆಗಿಲ್ಲ. ತಪ್ಪಿದರೆ ಶಟರ್ ಎಳೆದು ಬೀಗ ಹಾಕುವುದು, ಮತ್ತೆ ಯಾರ ಬಾನೆಟ್ಟಿಗೂ ಕೈ ಹಚ್ಚುವುದಿಲ್ಲ.

ಬೇಸಿಗೆ ಪೂರ್ತಿ ಅದೇ ಕೆಲಸವಾಯಿತು. ಕತ್ತರಿಸಿದ, ಬೆಸೆದ, ಗೇರುಬಾಕ್ಸಿಗೂ ಇಂಜಿನ್ನಿಗೂ ನಂಟು ಕಟ್ಟಿದ, ರೇಡಿಯೇಟರನ್ನು ಎರಡು ಬೆರಳು ಮುಂದೆ ಸರಿಸಿದ. ಕಿಡಿ ಹಂಚುವುದಕ್ಕೆ ಮಾತ್ರ ಹಳೆಯ ಡೆಲ್ಕೋವನ್ನೂ ಅದರೊಳಗಿನ, ಕಿಡಿ ಹುಟ್ಟಿಸುವ ಪಾಯಿಂಟನ್ನೂ ಹಾಗೇ ಉಳಿಸಿದ್ದ. ಇಂಜಿನ್ ಒಂದೇ ಏಟಿಗೆ ಶುರುವಾಯಿತು. ಆದರೆ ರಸ್ತೆಗಿಳಿಸಿ ಎಕ್ಸಿಲರೇಟರ್ ಒತ್ತಿದರೆ, ಟರ್ಬೊ ಗಾಳಿ ತುಂಬುವ ಹೊತ್ತಿಗೆ ಸರಿಯಾಗಿ ಗಾಡಿ ಬಿಕ್ಕಳಿಸಿ ನಿಲ್ಲುತ್ತಿತ್ತು.

"ಗಾಳ್ಯಾಗ ದೀಪ ಹಚ್ಚಿದಂಗ ಆಗ್ಯಾದ," ಎಂದ ಉಸ್ತಾದ. "ಒಳಗ ಗಾಳಿ ಒತ್ತಿ ಬಂತಂದ್ರ ಈ ಹಳೇ ಪಾಯಿಂಟಿನ ಕಿಡಿ ಆರಿ ಹೋಗ್ತೈತಿ. ಜೋರು ಕಿಡಿ ಬೇಕು ಸಾವ್ಕಾರ್ರ."

ಇದನ್ನು ಅವನು ಸರಿಯಾಗಿಯೇ ಹೇಳಿದ್ದ. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ, ಪಾಪ.

ಜೋರು ಕಿಡಿಗಾಗಿ ಲಿಂಗಸುಗೂರಿನ ಮಂಜೂರ್ ಬಂದ. ಇನ್ವರ್ಟರು, ಆಂಪ್ಲಿಫೈಯರು ರಿಪೇರಿ ಮಾಡುವ ಅಂಗಡಿಯವನು. ಉಸ್ತಾದನಿಗೆ ದೂರದ ಸಂಬಂಧ. ಪಾಯಿಂಟ್ ಕಿತ್ತು ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಡಬ್ಬಿ, ದೊಡ್ಡ ಕಾಯಿಲ್, ದಪ್ಪ ವೈರು, ಹೊಸ ಪ್ಲಗ್ಗು ಹಾಕಿ ಕೊಟ್ಟ. ಡಬ್ಬಿಗೆ ಒಂದು ಗುಂಡಿಯಿತ್ತು. ಗಾಳಿ ತುಂಬಿದಾಗ ಕಿಡಿ ಹಾರುವ ಹೊತ್ತನ್ನು ಅದು ಬದಲಿಸುತ್ತಿತ್ತು. ಎಡಕ್ಕೆ ತಿರುವಿದರೆ ಕಿಡಿ ಬೇಗ, ಬಲಕ್ಕೆ ತಿರುವಿದರೆ ತಡ.

"ಗುಂಡಿ ಎಷ್ಟಕ್ಕ ಇಡಬೇಕು ಅನ್ನೋದು ನಿಮ್ಮ ಕಿವಿ ಕೆಲ್ಸ ಚಾಚಾ, ನಂದಲ್ಲ," ಎಂದು ಹೇಳಿ ಮಂಜೂರ್ ಬಸ್ಸು ಹತ್ತಿದ.

ಮರುದಿನ ಉಸ್ತಾದ ಅವನಿಗೆ ಫೋನ್ ಮಾಡಿದ. ಪೆಟ್ರೋಲ್ ಟರ್ಬೊ ಅವನ ಕೈಗೆ ಬಂದದ್ದು ಇದೇ ಮೊದಲು. ಒಂದು ಮಾತು ಕೇಳಿಬಿಡೋಣ ಎನಿಸಿತ್ತು. ಫೋನಿನಲ್ಲಿ ಅರ್ಧಕ್ಕರ್ಧ ಬರೀ ಗುಂಯ್‌ಗುಡುವ ಸದ್ದು. ಅದರ ನಡುವೆ ಮಂಜೂರನ ದನಿ ಬಂತು.

"ಗಾಳಿ ತುಂಬಿದಾಗ ಕಿಡಿ ಸ್ವಲ್ಪ ಮುಂದ ಹಾಕ್ರಿ ಚಾಚಾ..."

ಆಮೇಲೂ ಅವನು ಏನೋ ಹೇಳುತ್ತಲೇ ಇದ್ದ. ಉಸ್ತಾದನಿಗೆ ಅದು ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಬಾಯಿ ತೆರೆದ. ಎದುರಿಗೆ ಶಿವಕಾಂತ ನಿಂತಿದ್ದ.

"ಹೂಂ, ಗೊತ್ತಾತು," ಎಂದು ಫೋನ್ ಇಟ್ಟ.

ಗ್ಯಾರೇಜಿನ ಕನ್ನಡದಲ್ಲಿ 'ಮುಂದ' ಎಂದರೆ ಒಂದೇ ಅರ್ಥ: ಕಿಡಿ ಬೇಗ ಹಾರಬೇಕು. ಉಸ್ತಾದ ಕೆಲಸ ಕಲಿತದ್ದು ಆ ಮಾತಿನಿಂದ, ಕಲಿಸಿದ್ದೂ ಆ ಮಾತಿನಿಂದ. ಇಂಜಿನ್ ಎಷ್ಟು ಜೋರು ಓಡುತ್ತದೋ ಕಿಡಿ ಅಷ್ಟು ಮುಂದ ಬರಬೇಕು, ಇದು ಅವನಿಗೆ ಕಲಿಮಾದಷ್ಟೇ ಬಾಯಿಪಾಠ. ಟರ್ಬೊ ಇಂಜಿನ್ನು ಇನ್ನೂ ಜೋರು, ಹಾಗಾದರೆ ಇನ್ನೂ ಮುಂದ. ಸರಿಯಾಗಿಯೇ ಹೇಳಿದ ಹುಡುಗ ಎಂದುಕೊಂಡು ಗುಂಡಿಯನ್ನು ಎಡಕ್ಕೆ ತಿರುವಿದ. ಉಳಿದದ್ದನ್ನು ರಸ್ತೆಯ ಮೇಲೆ ಕಿವಿ ಹೇಳುತ್ತದೆ. ಕಿಡಿ ತೀರಾ ಬೇಗಾದರೆ ಇಂಜಿನ್ ಕಿಣಿಕಿಣಿ ಅನ್ನುತ್ತದೆ, ಪಿಸ್ಟನ್ ಸುಡುವ ಮೊದಲೇ ಗುಂಡಿ ಬಲಕ್ಕೆ ತಿರುವಿದರಾಯಿತು. ಆ ಕಿಣಿಕಿಣಿಯನ್ನು ಅವನು ಎಷ್ಟೋ ಸಾವಿರ ಸಲ ಕೇಳಿದ್ದ.

ಶುಕ್ರವಾರ ನಮಾಜು ಮುಗಿಸಿ ಬಂದು ಕಾರು ಹತ್ತಿದ. ಶಿವಕಾಂತ ಸ್ಟೀರಿಂಗ್ ಹಿಡಿದ. ಸಂತೆಕಲ್ಲೂರಿನ ದಾರಿ ಖಾಲಿಯಿತ್ತು, ಎರಡೂ ಕಡೆ ಕೊಯ್ಲಾದ ಜೋಳದ ಹೊಲ. ಎಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ಬಿಕ್ಕಳಿಸಲಿಲ್ಲ. ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗೆ ಮುಂದಕ್ಕೆ ಹಾರಿತು. ಶಿವಕಾಂತ ಚಿಕ್ಕ ಹುಡುಗನ ಹಾಗೆ "ಅಯ್ಯಪ್ಪೋ!" ಎಂದು ಕೂಗಿದ.

ಉಸ್ತಾದ ಕಿಟಕಿಯ ಗಾಜು ಇಳಿಸಿ ಕಣ್ಣು ಮುಚ್ಚಿ ಕೂತ. ಇಂಜಿನ್ನಿನ ದಪ್ಪ ದನಿ ಎದೆಯೊಳಗೆ ಇಳಿಯಿತು. ಎಂಥ ಚೊಕ್ಕ ಸದ್ದು! ಒಂದು ಗೊರಗೊರ ಇಲ್ಲ, ಒಂದು ಕಿರಿಕಿರಿ ಇಲ್ಲ. ಅವನು ಕಿವಿಗೊಟ್ಟು ಆ ಕಿಣಿಕಿಣಿಯನ್ನು ಹುಡುಕಿದ, ಎಲ್ಲೂ ಇರಲಿಲ್ಲ. ಕಿವಿ ಸತ್ತಿಲ್ಲ ಮಾಬೂ, ನೀನು ಸುಮ್ಮನೆ ಹೆದರಿಸಿದೆ ಎಂದು ಮನಸ್ಸಿನಲ್ಲೇ ಹೆಂಡತಿಗೆ ಹೇಳಿದ. ಎಷ್ಟೋ ದಿನದ ಮೇಲೆ ಅವನಿಗೆ ಸಂತೋಷವಾಗಿತ್ತು. ಕಣ್ಣು ತೆರೆದರೆ ಶಿವಕಾಂತ ತನ್ನ ಮುಖವನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ನೋಡಿದ. ಉಸ್ತಾದ ನಕ್ಕು ಕೈ ಮಾಡಿದ.

"ಒತ್ರಿ ಸಾವ್ಕಾರ್ರ, ಹೆದರಬ್ಯಾಡ್ರಿ!"

ಶಿವಕಾಂತ ಒತ್ತಿದ.

ಸಂತೆಕಲ್ಲೂರು ದಾಟಿ ಮುದಗಲ್ಲಿನ ಕಡೆ ಏರು ಬಂದಾಗ ದಢ್ ಎಂದಿತು. ಅದು ದಪ್ಪ ಸದ್ದು, ಉಸ್ತಾದನಿಗೂ ಕೇಳಿತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಕಾರು ತಾನಾಗಿಯೇ ನಿಧಾನವಾಗಿ ಒಂದು ಬೇವಿನ ಮರದ ಪಕ್ಕ ನಿಂತುಕೊಂಡಿತು.

ಇಂಜಿನ್ ತಣ್ಣಗಾದ ಮೇಲೆ ಉಸ್ತಾದ ಪ್ಲಗ್ ಬಿಚ್ಚಿದ. ಒಂದರ ತುದಿ ಕರಗಿ ಗುಂಡಾಗಿತ್ತು. ಇನ್ನೊಂದರದು ತುದಿಯೇ ಇರಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ತೂತಿನೊಳಗೆ ಇಣುಕಿದ. ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ರಂಧ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನ ಕೈಯಲ್ಲೇ ಇತ್ತು.

"ಹೋತು ಸಾವ್ಕಾರ್ರ," ಎಂದ. "ಇದು ಇನ್ನ ಏಳಂಗಿಲ್ಲ."

ಶಿವಕಾಂತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದೂರ ಹೋಗಿ ಮಂಜೂರನಿಗೆ ಫೋನ್ ಹಚ್ಚಿದ, ಬಹಳ ಹೊತ್ತು ಮಾತಾಡಿ ತಿರುಗಿ ಬಂದ. ಉಸ್ತಾದನ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದ.

"ಗುಂಡಿ ಯಾ ಕಡೆ ತಿರುವಿದ್ರಿ ಉಸ್ತಾದ್?"

"ಎಡಕ್ಕ. ಮುಂದ ಹಾಕ್ರಿ ಅಂದಾನಲ್ಲ ಅವ."

"ಮುಂದ ಹಾಕ್ರಿ ಅಂದ್ರ ತಡ ಮಾಡ್ರಿ ಅಂತ್ರೀ! ಲಗ್ನ ಮುಂದ ಹಾಕ್ಯಾರ ಅಂತೀವಲ್ರೀ, ಹಂಗ. ಟರ್ಬೊಕ್ಕ ಕಿಡಿ ತಡ ಆಗಿ ಬರಬೇಕಂತ. ಅವ ಇನ್ವರ್ಟರ್ ಅಂಗಡ್ಯಾವ, ನಿಮ್ಮ ಗ್ಯಾರೇಜಿನ ಮಾತು ಅವಗೇನು ಗೊತ್ತು?"

ಉಸ್ತಾದ ಆ ಮಾತನ್ನು ಮನಸ್ಸಿನಲ್ಲಿ ತಿರುವಿ ನೋಡಿದ. ಲಗ್ನ ಮುಂದಕ್ಕೆ ಹಾಕಿದರು ಅಂದರೆ ತಡ ಮಾಡಿದರು. ಹೌದಲ್ಲ! ತನ್ನ ಮಗಳ ಲಗ್ನವನ್ನೇ ಒಮ್ಮೆ ಹಾಗೆ ಮುಂದಕ್ಕೆ ಹಾಕಿದ್ದರು, ಅದೇ ಮಾತು ಅವನ ಬಾಯಲ್ಲೇ ಬಂದಿತ್ತು. ಒಂದೇ ಮಾತು, ಮನೆಯಲ್ಲಿ ತಡ, ಗ್ಯಾರೇಜಿನಲ್ಲಿ ಬೇಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎರಡನ್ನೂ ಸುಮ್ಮನೆ ಒಟ್ಟಿಗೆ ಕಟ್ಟಿಲ್ಲ.

ಹೇಳಲು ನಾಚಿಕೆಯಾಗಬೇಕು, ಆದರೆ ಆ ಗಳಿಗೆಯಲ್ಲಿ ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಂಜಿನ್ ಹೋಯಿತು, ನಿಜ. ಹಂಪಣ್ಣನ ಗಾಡಿ ಈ ಇಂಜಿನ್ನಿನ ಮೇಲೆ ಇನ್ನು ಎಂದೂ ಓಡುವುದಿಲ್ಲ, ಅದೂ ನಿಜ. ಆದರೆ ತಪ್ಪು ಮಾತಿನದು, ಕಿವಿಯದಲ್ಲ. ಇಂಥ ಮಾತಿಗೆ ಯಾವ ಉಸ್ತಾದನಾದರೂ ಮೋಸ ಹೋಗುತ್ತಿದ್ದ. ಶಟರ್ ಎಳೆಯಬೇಕಾಗಿಲ್ಲ.

"ಅವ ನೆಟ್ಟಗ ಹೇಳಿದ್ರ ಹಿಂಗ ಆಗ್ತಿರಲಿಲ್ಲ," ಎಂದ. "ಬಾಕಿ ಇಂಜಿನ್ ಎಷ್ಟು ಚೊಕ್ಕ ಓಡ್ತಿತ್ತು! ನೀವೇ ಕೇಳಿದ್ರಲ್ಲ. ಒಂದು ಸಪ್ಪಳ ಇರಲಿಲ್ಲ."

ಶಿವಕಾಂತ ತಲೆ ತಗ್ಗಿಸಿದ. ಹೇಳಲೋ ಬೇಡವೋ ಎಂದು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ.

"ಸಪ್ಪಳ ಇತ್ರೀ ಉಸ್ತಾದ್," ಎಂದ ಕೊನೆಗೆ.

"ಯಾವ ಸಪ್ಪಳ?"

"ಮಸ್ಕಿ ಬಿಟ್ಟಾಗಿಂದ ಇತ್ತು. ಕಾಲು ಒತ್ತಿದ್ರ ಸಾಕು, ಗೆಜ್ಜಿ ಕಟ್ಟಿದಂಗ ಕಿಣಿಕಿಣಿ ಕಿಣಿಕಿಣಿ. ನಾ ಎರಡ ಸಲ ನಿಮ್ಮ ಮಾರಿ ನೋಡಿದೆ. ನೀವು ನಕ್ರಿ, ಒತ್ರಿ ಅಂದ್ರಿ. ಟರ್ಬೊ ಸಪ್ಪಳನ ಹಂಗ ಇರಬೇಕು ಅನ್ಕೊಂಡೆ. ನೀವು ಬಾಜೂಕ ಕುಂತಿರಬೇಕಾದ್ರ ನಾ ಏನಂತ ಬಾಯಿ ಬಿಡ್ಲಿ?"

ಉಸ್ತಾದ ಅವನ ತುಟಿಗಳನ್ನೇ ನೋಡುತ್ತಿದ್ದ. ಶಿವಕಾಂತನ ಮಾತಿನಲ್ಲಿ ಆಪಾದನೆ ಇರಲಿಲ್ಲ. ಅವನು ಇನ್ನೂ ನಂಬಿಕೊಂಡೇ ಇದ್ದ. ಆ ಸದ್ದಿಗೆ ಉಸ್ತಾದನ ಬಳಿ ಏನೋ ಕಾರಣವಿರಬೇಕು, ಈಗ ಹೇಳುತ್ತಾನೆ ಎಂದು ಕಾಯುತ್ತಿದ್ದ.

"ಹಿಂಗ ಬರ್ತಿತ್ತು ನೋಡ್ರಿ," ಎಂದು ಎದ್ದು ಹೋಗಿ, ಕೀಲಿಯ ತುದಿಯಿಂದ ಕಾರಿನ ಮುಂದಿನ ಗಾಜಿಗೆ ಬಡಿದು ತೋರಿಸಿದ.

ಕೀಲಿ ಗಾಜಿಗೆ ತಾಗುವುದು, ಮೇಲೇಳುವುದು, ಮತ್ತೆ ತಾಗುವುದು ಉಸ್ತಾದನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ದೂರದಲ್ಲಿ ಮುದಗಲ್ಲಿನ ಬಸ್ಸು ಗೇರು ಬದಲಿಸಿ ಏರು ಹತ್ತುತ್ತಿದ್ದ ಸದ್ದು ಕೇಳುತ್ತಿತ್ತು. ಕೀಲಿಯದು ಕೇಳಲಿಲ್ಲ. ಅವನು ಸ್ವಲ್ಪ ಬಾಗಿ, ಯಾವುದನ್ನು ಒಳ್ಳೆಯ ಕಿವಿ ಎಂದು ನಂಬಿದ್ದನೋ ಆ ಕಿವಿಯನ್ನು ಗಾಜಿನ ಕಡೆ ತಿರುಗಿಸಿದ. ಶಿವಕಾಂತ ಇನ್ನೂ ಜೋರಾಗಿ ಬಡಿದ.

"ಇದ ಸಪ್ಪಳ. ಈಗ ಗೊತ್ತಾತೇನ್ರೀ?"

ಉಸ್ತಾದ ಕೈಗೆ ಅಂಟಿದ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ.

"ಹೂಂ," ಎಂದ. "ಗೊತ್ತಾತು."