ಹತ್ತರ ಗೆರೆಯಿಂದ ಅಳತೆ

ಅಣ್ಣ ತೀರಿಕೊಂಡ ಆರು ವಾರಗಳ ಮೇಲೆ ತಮ್ಮ ಅಂಗಡಿಯ ಬಾಗಿಲು ತೆರೆದ. ತಮ್ಮ ಎಂದ ಮಾತ್ರಕ್ಕೆ ಎಳೆಯನಲ್ಲ, ಅರವತ್ತೆಂಟು ದಾಟಿದವನು. ಆದರೆ ಆ ಬೀದಿಗೆಲ್ಲ ಒಬ್ಬರು ಅಣ್ಣ, ಇನ್ನೊಬ್ಬರು ತಮ್ಮ. ಬೇರೆ ಹೆಸರಿನಿಂದ ಅವರನ್ನು ಕರೆದವರಿಲ್ಲ.

ಅವರ ಕೆಲಸ ಹಳೆಯ ಕ್ಯಾಮೆರಾಗಳದ್ದು. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೇ ಚಿತ್ರವನ್ನು ಕೈಗೆ ಕೊಡುತ್ತಿದ್ದ, ಹಾರ್ಮೋನಿಯಂ ತಿದಿಯಂಥ ಕಪ್ಪು ಚರ್ಮದ ಮಡಿಕೆಯ ದೊಡ್ಡ ಕ್ಯಾಮೆರಾಗಳು. ಅವುಗಳ ಫಿಲ್ಮ್ ತಯಾರಾಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಅಣ್ಣ ಅವುಗಳ ಬೆನ್ನನ್ನು ಗರಗಸದಿಂದ ಕೊಯ್ದು, ಅಲ್ಲೊಂದು ಮರದ ಚೌಕಟ್ಟು ಕೂರಿಸಿ, ಈಗ ಸಿಗುವ, ಅದೇ ಬಗೆಯ ಆದರೆ ಬೇರೆ ಅಳತೆಯ ಫಿಲ್ಮ್ ಹಿಡಿಯುವಂತೆ ಮಾಡುತ್ತಿದ್ದ. ಎಲ್ಲವೂ ಆ ಚೌಕಟ್ಟಿನ ದಪ್ಪದ ಮೇಲೆ ನಿಂತಿತ್ತು. ಲೆನ್ಸಿನಿಂದ ಫಿಲ್ಮಿಗೆ ಇರಬೇಕಾದ ದೂರ ಒಂದಿಷ್ಟು ತಪ್ಪಿದರೂ ಚಿತ್ರ ಮಸುಕು.

ಅಳೆಯಲು ಅವರಲ್ಲಿದ್ದುದು ಒಂದೇ ಉಕ್ಕಿನ ಸ್ಕೇಲು. ಅದರ ತುದಿ ಸವೆದುಹೋಗಿದ್ದರಿಂದ ಅಣ್ಣ ಸೊನ್ನೆಯಿಂದ ಅಳೆಯದೆ ಹತ್ತನೆಯ ಮಿಲಿಮೀಟರಿನ ಗೆರೆಯಿಂದ ಅಳೆಯುತ್ತಿದ್ದ. ಕಂಡದ್ದನ್ನು ಕಂಡ ಹಾಗೆ ಕೂಗುತ್ತಿದ್ದ. ತಮ್ಮ ಅದರಲ್ಲಿ ಹತ್ತು ಕಳೆದು ಪುಸ್ತಕದಲ್ಲಿ ಬರೆಯುತ್ತಿದ್ದ. ಆ ಲೆಕ್ಕದಂತೆ ಚೌಕಟ್ಟು ತಯಾರಾಗುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆದಿತ್ತು. ಹೊಸ ಸ್ಕೇಲು ತರೋಣವೆಂದರೆ, "ಇದಕ್ಕೇನಾಗಿದೆ? ನಿನ್ನ ಬೆನ್ನಿಗಿಂತ ನೆಟ್ಟಗಿದೆ" ಎನ್ನುತ್ತಿದ್ದ ಅಣ್ಣ.

ಮೇಜಿನ ಮೇಲೆ ಡ್ರಾಯಿಂಗ್ ಮೇಷ್ಟ್ರ ಕ್ಯಾಮೆರಾ ಇತ್ತು. ಅಣ್ಣನ ಕೊನೆಯ ಕೆಲಸ. ಮೇಷ್ಟ್ರು ಅವಸರ ಮಾಡಿ, ಪರೀಕ್ಷಿಸಿ ನೋಡುವ ಮೊದಲೇ ಒಯ್ದಿದ್ದರು. ನಾಲ್ಕು ತಿಂಗಳ ಹಿಂದೆ ವಾಪಸು ತಂದು, "ನಮ್ಮ ಶಾಲೆಯವರೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ ಕಾಣ್ತಾರಲ್ರೀ ಇದರಲ್ಲಿ" ಎಂದು ನಕ್ಕಿದ್ದರು. ಅಣ್ಣ ನಗಲಿಲ್ಲ. ಮೂರು ದಿನ ಲೆನ್ಸನ್ನೇ ಬಿಚ್ಚಿ ಬಿಚ್ಚಿ ಜೋಡಿಸಿದ. ಚೌಕಟ್ಟಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. "ನನ್ನ ತಲೆ ಹೋಯ್ತು ಕಣೋ. ನೀನು ಕ್ಯಾಮೆರಾ ಮುಟ್ಟಬೇಡ, ನಾನೇ ನೋಡ್ತೀನಿ" ಎಂದವನು ಮತ್ತೆ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳಲಿಲ್ಲ. ಎರಡೂವರೆ ತಿಂಗಳು ಕಿಟಕಿಯ ಪಕ್ಕ ಕುಳಿತ. ಆಮೇಲೆ ದೇವರು ಕರೆಸಿಕೊಂಡ.

ತಮ್ಮ ಮನಸ್ಸಿನಲ್ಲೇ ದೇವರನ್ನು ನೆನೆದು ಕ್ಯಾಮೆರಾದ ಬೆನ್ನು ಬಿಚ್ಚಿದ. ಫಿಲ್ಮಿನ ಜಾಗದಲ್ಲಿ ಟ್ರೇಸಿಂಗ್ ಕಾಗದ ಹಿಡಿದು, ಎದುರು ಕಟ್ಟಡದ ನೀರಿನ ಟ್ಯಾಂಕಿನ ಕಡೆ ತಿರುಗಿಸಿದ. ಬರೀ ಮಸುಕು. ಕಾಗದವನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದ. ಟ್ಯಾಂಕಿನ ಏಣಿಯ ಒಂದೊಂದು ಮೆಟ್ಟಿಲೂ ತಲೆಕೆಳಗಾಗಿ ಮೂಡಿತು. ಎಷ್ಟು ಸರಿಸಿದೆನೆಂದು ಅಳೆದ. ಹತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಪುಸ್ತಕ ತೆಗೆದ. ಚೌಕಟ್ಟು ಮೂವತ್ತೆಂಟು ಇರಬೇಕಿತ್ತು. ತನ್ನದೇ ಅಕ್ಷರದಲ್ಲಿ ಇಪ್ಪತ್ತೆಂಟು ಎಂದಿತ್ತು. ಹತ್ತನ್ನು ಎರಡು ಸಲ ಕಳೆದುಬಿಟ್ಟಿದ್ದರು.

ತಪ್ಪು ಯಾರದು? ಕೊನೆಯ ವರ್ಷ ಅಣ್ಣ ಒಂದೊಂದು ಸಲ ತಾನೇ ಕಳೆದು, "ಕಳೆದಿದ್ದೀನಿ, ನೀನು ಕಳೀಬೇಡ" ಎನ್ನುತ್ತಿದ್ದ. ಒಂದೊಂದು ಸಲ ಕಳೆದು, ತಮ್ಮ ಕೇಳುವವರೆಗೂ ಹೇಳುವುದನ್ನೇ ಮರೆಯುತ್ತಿದ್ದ. ಆ ದಿನ ಹೇಳಿದ್ದನೇ? ಹೇಳಿದ್ದರೆ, ಕೇಳಿಯೂ ಕೈಯ ಅಭ್ಯಾಸಕ್ಕೆ ಮತ್ತೆ ಕಳೆದವನು ತಮ್ಮ. ಹೇಳದಿದ್ದರೆ, ಮರೆತವನು ಅಣ್ಣ. ಕಣ್ಣು ಮುಚ್ಚಿದರೆ ಅಣ್ಣ ಹೇಳಿದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮತ್ತೊಮ್ಮೆ ಮುಚ್ಚಿದರೆ ಅಣ್ಣ ಏನೂ ಹೇಳದೆ ಸುಮ್ಮನೆ ಕೆಮ್ಮಿ ಸ್ಕೇಲು ಕೆಳಗಿಡುತ್ತಿದ್ದ. ಎರಡೂ ನಡೆದಂತೆಯೇ ಇದ್ದವು. ತಪ್ಪು ತನ್ನದಾಗಿದ್ದರೆ ಅಣ್ಣನ ತಲೆಗೆ ಏನೂ ಆಗಿರಲೇ ಇಲ್ಲ. ಸುಮ್ಮಸುಮ್ಮನೆ ಕೊರಗಿ ಹೋದ.

ಮಧ್ಯಾಹ್ನ ಅತ್ತಿಗೆ ಮಹಡಿಯಿಂದ ಊಟ ತಂದಾಗ ಕೇಳಿದ: "ಅತ್ತಿಗೆ, ಮೇಷ್ಟ್ರ ಕ್ಯಾಮೆರಾ ಅಳೆದ ದಿನ ನೀವು ಇಲ್ಲೇ ಅಂಗಿಗೆ ಗುಂಡಿ ಹೊಲೀತಾ ಇದ್ರಿ. ಅಣ್ಣ ‘ಕಳೆದಿದ್ದೀನಿ’ ಅಂದನಾ?"

"ನಿಮ್ಮಿಬ್ಬರ ಕೂಡೋದು ಕಳೆಯೋದಕ್ಕೆ ಕಿವಿ ಕೊಟ್ಟಿದ್ದರೆ ಗುಂಡೀನ ನನ್ನ ಬೆರಳಿಗೇ ಹೊಲ್ಕೊಂಡಿರ್ತಿದ್ದೆ. ಯಾಕೆ?"

"ಸುಮ್ಮನೆ."

"ಸುಮ್ಮನೆ ಕೇಳೋ ಮುಖ ಅಲ್ಲ ಇದು" ಎಂದು ಆಕೆ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

ಎರಡು ದಿನ ಕೂತು ಹೊಸ ಚೌಕಟ್ಟು ಮಾಡಿದ. ಮೇಷ್ಟ್ರು ಬಂದರು. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಚಿತ್ರ ತೆಗೆದ. ಬಿಳಿಯ ಹಾಳೆಯ ಮೇಲೆ ಮೇಷ್ಟ್ರು ನಿಧಾನವಾಗಿ ಮೂಡಿದರು.

"ಅಬ್ಬಾ! ಮೀಸೆ ಕೂದಲು ಎಣಿಸಬಹುದು. ಇಷ್ಟು ಮುದುಕ ಆಗಿದ್ದೀನಾ ನಾನು? ಮೊದಲಿನ ಮಸುಕೇ ವಾಸಿ ಇತ್ತು ಬಿಡಿ." ನಕ್ಕು, ಆಮೇಲೆ ದನಿ ತಗ್ಗಿಸಿದರು: "ಪಾಪ, ನಿಮ್ಮ ಅಣ್ಣನವರಿಗೆ ಕೊನೆಗೆ ಮರೆವು ಬಂದಿತ್ತು ಅಂತ ಕಾಣುತ್ತೆ."

ಅತ್ತಿಗೆ ಖಾಲಿ ಲೋಟ ಒಯ್ಯಲು ಬಂದು ಅಲ್ಲೇ ನಿಂತಿದ್ದಳು.

"ಇಲ್ಲ ಮೇಷ್ಟ್ರೇ" ಎಂದ ತಮ್ಮ. "ಅಣ್ಣ ಸರಿಯಾಗೇ ಹೇಳಿದ್ದ. ಎರಡನೇ ಸಲ ಕಳೆದವನು ನಾನು."

ಮಾತು ಬಾಯಿಂದ ಬಿದ್ದ ಮೇಲೆ ತಾನು ಸುಳ್ಳು ಹೇಳಿದೆನೋ, ತಪ್ಪೊಪ್ಪಿಕೊಂಡೆನೋ ಅವನಿಗೇ ತಿಳಿಯಲಿಲ್ಲ. ಮೇಷ್ಟ್ರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

"ನಿಜವಾ?" ಎಂದಳು ಅತ್ತಿಗೆ.

ಗೊತ್ತಿಲ್ಲ ಎನ್ನಲು ಬಾಯಿ ತೆರೆದ. ಹಾಗೆಂದರೆ ಮರೆವು ಮತ್ತೆ ಅಣ್ಣನ ತಲೆಯ ಮೇಲೇ ಹೋಗಿ ಕೂರುತ್ತಿತ್ತು.

"ಹೂಂ."

"ಕಿಟಕಿ ಪಕ್ಕ ಕೂತ ಮೇಲೆ ದಿನಾ ಬೆಳಿಗ್ಗೆ ಅವರು ನನ್ನ ಮುಂದೆ ಇವತ್ತು ಯಾವ ವಾರ, ಯಾವ ತಾರೀಖು ಅಂತ ಒಪ್ಪಿಸೋರು. ಒಂದು ದಿನವೂ ತಪ್ಪಲಿಲ್ಲ. ಸರಿಯಾಗಿದೆ ಅಂದರೂ ನನ್ನ ನಂಬ್ತಿರಲಿಲ್ಲ. ಪುಸ್ತಕ ನಿನ್ನ ಹತ್ತಿರಾನೇ ಇತ್ತಲ್ಲ. ಒಂದು ಸಲ ತೆಗೆದು ನೋಡೋಕೆ ಏನಾಗಿತ್ತು ನಿನಗೆ?"

"ಮುಟ್ಟಬೇಡ ಅಂದಿದ್ದ, ಅತ್ತಿಗೆ."

"ಕ್ಯಾಮೆರಾ ಮುಟ್ಟಬೇಡ ಅಂದಿದ್ರು. ಪುಸ್ತಕಾನೂ ಮುಟ್ಟಬೇಡ ಅಂದಿದ್ರಾ?"

ಆಕೆ ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಲೋಟ ಎತ್ತಿಕೊಂಡು ಮಹಡಿ ಹತ್ತಿ ಹೋದಳು. ತಮ್ಮ ಅವಳ ಹಿಂದೆ ಹೋಗಬೇಕೋ, ಇಲ್ಲೇ ಇರಬೇಕೋ ತೋಚದೆ, ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ನಿಂತೇ ಇದ್ದ.