ಬಿರುಗಾಳಿಯ ಗಾಡಿ

ನನ್ನ ಸಿಟ್ಟಿನ ಸುದ್ದಿ ಬಂಕಾಪುರದಾಗ ಎಲ್ಲಾರಿಗೂ ಗೊತ್ತೈತಿ. ಕುತುಬುದ್ದೀನನ ಗ್ಯಾರೇಜಿಗೆ ಹೋದ್ರ ಗಾಡಿ ರಿಪೇರಿ ಆಗ್ತೈತಿ, ಆದ್ರ ಮರ್ಯಾದಿ ಉಳಿಯಂಗಿಲ್ಲ ಅಂತ ಮಂದಿ ಆಡಿಕೋತಾರ. ಆಡಿಕೊಳ್ಳಲಿ ಬಿಡ್ರಿ. ಲಕ್ಷಾಂತರದ ಗಾಡಿ ಕೈಯಾರೆ ಹಾಳು ಮಾಡಿಕೊಂಡು ಬರೋರಿಗೆ ನಾ ಏನ್ ಹಾರಾ ಹಾಕಬೇಕೇನು?

ಆವತ್ತು ಮುಂಜಾನೆ ಬಾಗಲಾ ತಗದು ಚಾ ಕುಡ್ಯಾಕತ್ತಿದ್ದೆ. ಹಾನಗಲ್ಲ ಬಸ್ಸಿನಿಂದ ಇಳದ ಒಬ್ಬ ಹೆಣ್ಣಮಗಳು ಸೀದಾ ನನ್ನ ಕಡೆ ಬಂದ್ಲು. ನಡುವಯಸ್ಸಿನಾಕಿ, ಚಪ್ಪಲಿಗೆಲ್ಲ ಸಗಣಿ ಮೆತ್ತಿತ್ತು, ನಿದ್ದಿಗೆಟ್ಟು ಕಣ್ಣು ಕೆಂಪಗಾಗಿದ್ವು. ಹೆಸರು ಅಡಿವೆವ್ವ ಅಂದ್ಲು. ಸೆರಗಿನ ಗಂಟು ಬಿಚ್ಚಿ ಒಂದು ರಬ್ಬರ್ ಪೈಪು ಮೇಜಿನ ಮ್ಯಾಲ ಇಟ್ಟು, ಇಂಥಾದ್ದ ಹೊಸಾದು ಬೇಕ್ರಿ, ಇವತ್ತ ಬೇಕ್ರಿ ಅಂದ್ಲು.

ನೋಡಿದ ಕೂಡ್ಲೆ ಗೊತ್ತಾತು, ಸ್ಪೋರ್ಟ್ಸ್ ಬೈಕಿಂದು ಅದು. ಇಂಜಿನ್ನಿನ ಬಿಸಿಯನ್ನ ತಣಸಾಕ ರೇಡಿಯೇಟರಿಗೆ ಒಯ್ಯೋ ಪೈಪು. ಉದ್ದಕ್ಕ ಸೀಳಿತ್ತು. ಒಳಗ ಬೆಳ್ಳಗ ಸುಣ್ಣ ಕಟ್ಟಿತ್ತು. ನನ್ನ ಪಿತ್ತ ನೆತ್ತಿಗೇರಿತು. ಅದರಾಗ ಹಾಕಬೇಕಾದ್ದು ಹಸರ ಬಣ್ಣದ ಕೂಲಂಟು, ಡಬ್ಬಿಯೊಳಗ ಸಿಗ್ತೈತಿ. ಬೋರಿನ ಉಪ್ಪು ನೀರು ಯಾವ ಶಾಣ್ಯಾ ಸುರುವಿದ ಅಂತ ಕೇಳಿದೆ. ನಾನ ಸುರುವೀನ್ರಿ, ಸೋಮವಾರಕ್ಕೊಮ್ಮೆ ನೋಡಿ, ಕಡಿಮಿ ಕಂಡಾಗೆಲ್ಲ ಒಂದು ತಂಬಗಿ ಹಾಕತಿದ್ದೆ ಅಂತ ಆಕಿ ಅಂದ್ಲು. ಅಲ್ರಿ, ಅದೇನು ದನ ಏನು, ನೀರು ಕುಡಸಾಕ? ನಾ ಬಾಯಿಗೆ ಬಂದಂಗ ಬೈದೆ. ಪೈಪಿನ ಬುಡಕ ಸೋರತಿದ್ದಾಗ್ಲೇ ತರಬೇಕಿತ್ತು, ನೀವು ಸೋರಿದಷ್ಟೂ ಬೋರಿನ ನೀರು ತುಂಬಿ ಒಳಗೆಲ್ಲ ಹಾಳು ಮಾಡೀರಿ, ಯಾರದು ಗಾಡಿ, ನಿಮ್ಮ ಮಗಂದ ಏನು, ಅವನ್ನ ಕರೀರಿ ಅಂದೆ.

ಆಕಿ ಪೂರಾ ಬೈಸಿಕೊಂಡ್ಲು. ನಾ ಉಸಿರು ತಗೊಳ್ಳಾಕ ನಿಂತಾಗ ಅಷ್ಟ ಬಾಯಿ ತೆರೆದ್ಲು.

"ಗಾಡಿ ನಮ್ಮದಲ್ರಿ. ನಮ್ಮ ಹೋರೀದು."

ಹಾನಗಲ್ಲ, ಹಿರೇಕೆರೂರು ಕಡೆ ದೀಪಾವಳಿ ಆದ ಮ್ಯಾಲ ಹೋರಿ ಬೆದರಸ್ತಾರ, ನಿಮಗ ಗೊತ್ತಿರಬೇಕು. ಕೊಳ್ಳಾಗ ಕೊಬ್ಬರಿ ಸರ ಕಟ್ಟಿ ಮಂದಿ ನಡುವ ಓಡಿಸ್ತಾರ. ಯಾರ ಕೈಗೂ ಸಿಗದ ಓಡಿದ ಹೋರಿಗೆ ಬಹುಮಾನ. ಇವರ ಹೋರಿ ಹೆಸರು ಬಿರುಗಾಳಿ. ಹಂಸಭಾವಿ ಕಡೆ ಒಂದು ಸ್ಪರ್ಧಾದಾಗ ಅದು ಕೆಂಪು ಬಣ್ಣದ ಆ ಬೈಕನ್ನ ಬಹುಮಾನ ಗೆದ್ದಿತ್ತು. ಅಂವ ಗಳಿಸಿದ್ದು ಅಂವಗ ಸೇರಬೇಕು ಅಂತ ಅಡಿವೆವ್ವ ಹಟ ಹಿಡದು, ಗಾಡಿಯನ್ನ ದನದ ಮನಿಯಾಗ ಹೋರಿ ಮಗ್ಗಲಕ ನಿಲ್ಲಿಸಿದ್ಲಂತ. ಯಾರೂ ಹತ್ತಂಗಿಲ್ಲ. ಸೋಮವಾರಕ್ಕೊಮ್ಮೆ ಇಬ್ಬರ ಮೈಯೂ ತೊಳದು, ಕುಂಕಮ ಹಚ್ಚಿ, ಗಾಡಿ ಚಾಲೂ ಮಾಡಿ, ರೇಡಿಯೇಟರ್ ಫ್ಯಾನು ತಿರುಗೋ ತನಕ ಬಿಡೂದು. ಫ್ಯಾನ್ ಶುರುವಾದ ಕೂಡ್ಲೆ ಹೋರಿಗೆ ಶೇಂಗಾ ಹಿಂಡಿ, ಹತ್ತಿಕಾಳು ಕಲಸಿದ ಮುಸರಿ. ಬಿರುಗಾಳಿ ಮುದುಕ ಆದ, ಒಂದು ಕಣ್ಣಿಗೆ ಪೊರಿ ಬಂತು, ಆದ್ರ ಆ ಸದ್ದಿಗೆ ಎಲ್ಲಿ ಮಲಗಿದ್ರೂ ಎದ್ದು ನಿಂದರತಿದ್ದಂತ.

ಎರಡು ತಿಂಗಳ ಹಿಂದ ಪೈಪು ಒಡದು ಗಾಡಿ ಮೂಕಾತು. ಈಗ ಹೋರಿಗೆ ಜ್ವರ ಬಂದು ಮಲಗೇತಿ, ಜ್ವರ ಇಳದ್ರೂ ಎದ್ದಿಲ್ಲ. ಊರ ಮಂದಿ ಬಂಬೂ ಹಾಕಿ ಎತ್ತಿ ನೋಡ್ಯಾರ. ತಾನಾಗೇ ಏಳಬೇಕು, ಇವತ್ತ ಎದ್ದರ ಉಳೀತು, ಕಾಲು ಮರಗಟ್ಟಿದ್ರ ಮುಗೀತು ಅಂತ ದನದ ಡಾಕ್ಟರು ಹೇಳಿ ಹೋಗ್ಯಾರ. ಯಾವುದಾದ್ರೂ ಬೈಕ್ ತಂದು ಗುರ್ರ್ ಅನಸ್ರಿ, ಎಲ್ಲಾ ಸದ್ದೂ ಒಂದ ಅಂದೆ ನಾನು. ಓಣ್ಯಾಗಿನ ಗಾಡಿ ಎಲ್ಲಾ ತರಿಸಿ ನೋಡೀನ್ರಿ, ಕಿವಿ ಸೈತ ಅಳ್ಳಾಡಸಲಿಲ್ಲ ಅಂದ್ಲು.

ಇಷ್ಟೊತ್ತು ಬೈದಿದ್ದಕ್ಕ ನಾಚಿಕಿ ಬಂತು. ಸವಣೂರಿನ ನನ್ನ ಗಿರಾಕಿ ರೆಹಾನನ ಗಾಡಿಗಂತ ಹುಬ್ಬಳ್ಳಿಯಿಂದ ತರಿಸಿದ ಪೈಪಿನ ಸೆಟ್ಟು ನನ್ನ ಕಪಾಟಿನಾಗಿತ್ತು, ಅದ ಮಾಡೆಲ್ಲು. ರೆಹಾನ ಕುಣದಾಡ್ತಾನ, ಕುಣೀಲಿ. ಪೈಪು, ಕ್ಲಿಪ್ಪು, ಕೂಲಂಟ್ ಡಬ್ಬಿ, ಬಾಟಲಿ ನೀರು, ಒಂದು ತುಂಬಿದ ಬ್ಯಾಟರಿ ಎಲ್ಲಾ ಚೀಲಕ್ಕ ತುರುಕಿ, ಬಾಗಲಾ ಎಳದು, ಆಕಿನ್ನ ನನ್ನ ಬೈಕಿನ ಹಿಂದ ಕುಂಡ್ರಿಸಿಕೊಂಡು ಆಕಿ ಊರಿಗೆ ಹೊಂಟೆ. ದಾರಿಯುದ್ದಕ್ಕೂ ಆಕಿ, ಆ ಸದ್ದಾದ್ರ ಎದ್ದಾನ್ರಿ, ಎದ್ದಾನ ಅನಕೋತನ ಬಂದ್ಲು.

ದನದ ಮನಿಯಾಗ ಆಕಿ ಗಂಡ ಫಕ್ಕೀರಪ್ಪ ಹೋರಿ ಕಾಲಿಗೆ ಎಣ್ಣಿ ತಿಕ್ಕಾಕತ್ತಿದ್ದ. ಬೆಳ್ಳಗಿನ ದೊಡ್ಡ ದೇಹ ಹುಲ್ಲಿನ ಮ್ಯಾಲ ಒಂದು ಬಾಜೂಕ ವಾಲಿತ್ತು. ಹೋರಿ ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ಪಕ್ಕಕ್ಕ ಬೈಕು ನಿಂತಿತ್ತು, ಟಾಕಿ ಮ್ಯಾಲ ಕುಂಕಮ, ಹ್ಯಾಂಡಲ್ಲಿಗೆ ಒಣಗಿದ ಚೆಂಡು ಹೂ. ನಲವತ್ತು ಕಿಲೋಮೀಟರು ಸೈತ ಓಡಿರದ ಗಾಡಿ. ಯಾ ಅಲ್ಲಾ, ಇದನ್ನ ನೋಡಿದ್ರ ಹುಡುಗ್ರು ಅತ್ತಾರು ಅನಿಸಿತು.

ಕೆಲಸಾ ಶುರು ಮಾಡಿದೆ. ಎರಡೂ ಬಾಜೂಕಿನ ಪ್ಲಾಸ್ಟಿಕ್ ಕವಚ ಬಿಚ್ಚಿದೆ. ಉಳದ ಪೈಪು ಒತ್ತಿ ನೋಡಿದ್ರ ಅವೂ ಉಬ್ಬಿದ್ವು, ಎಲ್ಲಾ ತಗದೆ. ಕಚ್ಚಿಕೊಂಡಿದ್ದನ್ನ ಎಳೀಲಾರದ ಸೀಳಿ ಬಿಡಿಸಿದೆ, ಎಳದ್ರ ರೇಡಿಯೇಟರಿನ ಮೂತಿ ಮುರೀತೈತಿ. ಮೂತಿ ಮ್ಯಾಲಿನ ಸುಣ್ಣ ಕೆರದು ಒರಿಸಿದೆ. ಒಳಗ ನೀರು ಹಾಯಿಸಿದ್ರ ಮೊದಲ ಹಾಲಿನಂಗ ಬಂತು, ಆಮ್ಯಾಲ ಕಂದಾತು, ಕಡೀಕ ತಿಳಿಯಾತು. ಫಕ್ಕೀರಪ್ಪ ಕೊಡಾ ತಂದು ತಂದು ಇಡತಿದ್ದ. ಬೋರಿನ ನೀರು ಬರೇ ತೊಳ್ಯಾಕ, ಕಡೀ ಸಲ ಬಾಟಲಿ ನೀರ ಹಾಕಬೇಕು ಅಂತ ಹೇಳಿದ್ದಕ್ಕ ಅಂವ ಚೀಲದಾಗಿನ ಬಾಟಲಿ ತಗದು ನನ್ನ ಮಗ್ಗಲಕ ಇಟ್ಟ.

ಅಡಿವೆವ್ವ ಹೋರಿ ತಲಿ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ಲು. ಆತೇನ್ರಿ, ಆತೇನ್ರಿ ಅಂತ ಕೇಳತಿದ್ಲು. ಬ್ಯಾರೆ ದಿನ ಆಗಿದ್ರ ಪಾನಾ ಒಗದು ಎದ್ದು ಹೋಗತಿದ್ದೆ. ಆವತ್ತು, ಆಗ್ತೈತಿ ತಂಗೀ ಅಂದೆ. ಗಡಬಡ ಮಾಡಾಕ ಬರತಿರಲಿಲ್ಲ. ಹೊಸ ಪೈಪು ಹಾಕಿದ ಮ್ಯಾಲ ಒಳಗ ಗಾಳಿ ಉಳಕೋತೈತಿ. ಬಿಸಿ ಅಳೆದು ಫ್ಯಾನು ತಿರುಗಿಸೋ ಗುಂಡಿ ಹತ್ರನ ಆ ಗಾಳಿ ಕುಂತರ ಇಂಜಿನ್ ಕುದ್ದ ಹೋಗ್ತೈತಿ, ಫ್ಯಾನು ಮಾತ್ರ ತಿರುಗಂಗಿಲ್ಲ. ಫ್ಯಾನು ತಿರುಗದಿದ್ರ ಹೋರಿಗೆ ಗೊತ್ತಾಗೂದ ಹೆಂಗ? ಅದಕ್ಕ ಕ್ಲಿಪ್ಪು ಒಂದೊಂದ ಬಿಗಿ ಮಾಡಿ, ಕೂಲಂಟು ಸಣ್ಣ ಧಾರಿಲೆ ಸುರುವಿ, ಪೈಪು ಹಿಚಿಕಿ, ಗಾಡಿ ಎಡಕ ವಾಲಿಸಿ ಬಲಕ ವಾಲಿಸಿ ಗುಳ್ಳಿ ಹೊರಗ ಬರಿಸಿದೆ.

ಬ್ಯಾಟರಿ ಜೋಡಿಸಿ, ಮುಚ್ಚಳಾ ತೆರೆದ ಇಟ್ಟು ಚಾಲೂ ಮಾಡಿದೆ. ಒಂದೆರಡು ಸಲ ಕೆಮ್ಮಿ ಹತ್ತಿತು. ದನದ ಮನಿ ತುಂಬಾ ಸದ್ದು.

ಬಿರುಗಾಳಿ ಕಿವಿ ಎತ್ತಿದ. ತಲಿಯನ್ನೂ ಎತ್ತಿದ. ಫಕ್ಕೀರಪ್ಪನ ಕೈ ಅಲ್ಲೇ ನಿಂತಿತು. ಆದ್ರ ಹೋರಿ ಏಳಲಿಲ್ಲ, ಕುತಗಿ ನೀಡಿಕೊಂಡು ಸುಮ್ನ ಕೇಳತಿತ್ತು. ಅಡಿವೆವ್ವ ಮೆಲ್ಲಕ, ಅಂವ ಫ್ಯಾನ್ ದಾರಿ ಕಾಯಾಕತ್ತಾನ್ರಿ ಅಂದ್ಲು.

ರೇಡಿಯೇಟರಿನ ಬಾಯಾಗ ಇನ್ನೂ ಗುಳ್ಳಿ ಬರಾಕತ್ತಿದ್ವು. ನಾ ಪೈಪು ಹಿಚಕತಾನ ಇದ್ದೆ. ಮ್ಯಾಲಿನ ಪೈಪು ಕೈಗೆ ಸುಡಾಕ ಹತ್ತಿತು, ಕೆಳಗಿಂದು ತಣ್ಣಗನ ಇತ್ತು. ಒಳಗ ಇನ್ನೂ ಗಾಳಿ ಸಿಕ್ಕೊಂಡಿತ್ತು. ಇಷ್ಟು ವರ್ಷದಾಗ ಎಷ್ಟು ಗಾಡಿ ಮಾಡೀನಿ, ಒಂದು ಫ್ಯಾನಿಗೆ ಹಿಂಗ ದೇವರ ಹೆಸರು ತಗೊಂಡಿದ್ದಿಲ್ಲ. ಅಷ್ಟೊತ್ತಿಗೆ ಒಂದು ದೊಡ್ಡ ಗುಳ್ಳಿ ಗುಳುಕ್ ಅಂತ ಎದ್ದು ಒಡೀತು, ನೀರಿನ ಮಟ್ಟ ಕೆಳಗಿಳೀತು, ನಾ ಕೂಲಂಟು ತುಂಬಿ ಮುಚ್ಚಳಾ ಒತ್ತಿ ತಿರುವಿದೆ. ಕೆಳಗಿನ ಪೈಪು ಬಿಸಿಯಾಕ್ಕೋತ ಬಂತು.

ಫ್ಯಾನ್ ಭರ್ರ್ ಅಂತು.

ಬಿರುಗಾಳಿ ಹಿಂಗಾಲು ಊರಿ ಬೆನ್ನು ಎತ್ತಿದ, ಜಾರಿ ಬಿದ್ದ. ಯಾರೂ ಮುಂದ ಹೋಗಲಿಲ್ಲ. ಮತ್ತ ಎತ್ತಿದ. ಮೊಣಕಾಲ ಮ್ಯಾಲ ಸ್ವಲ್ಪ ಹೊತ್ತು ನಿಂತು, ಉಸ್ಸ್ ಅಂತ ಉಸಿರು ಬಿಟ್ಟು, ಮುಂಗಾಲು ಒಂದೊಂದ ಊರಿ ಎದ್ದು ನಿಂತ. ನಾಕೂ ಕಾಲು ಗಡಗಡ ನಡುಗತಿದ್ವು. ಕುತಗಿ ಹೊಳ್ಳಿಸಿ ಸೀದಾ ಮೇವು ಹಾಕೋ ಗ್ವಾದಲಿಯೊಳಗ ಬಾಯಿ ಹಾಕಿದ.

ಗ್ವಾದಲಿ ಖಾಲಿ ಇತ್ತು. ಅಂವ ಬರೇ ಕಲ್ಲು ನೆಕ್ಕಿದ. ಮತ್ತ ತಲಿ ಎತ್ತಿ, ಪೊರಿ ಬಂದ ಕಣ್ಣಿಲೆ ಅಡಿವೆವ್ವನ ಕಡೆ ತಿರುಗಿದ.

ಅಡಿವೆವ್ವನ ಮಾರಿ ಬಿಳಿಚಿಕೊಂಡಿತು. ಮುಂಜಾನಿಂದ ನನ್ನ ಬೆನ್ನು ಹತ್ತಿದ್ದಾಕಿ, ಸದ್ದಾದ್ರ ಎದ್ದಾನ ಎದ್ದಾನ ಅಂತ ಹೇಳಿದ್ದಾಕಿ, ಬಾಯಿ ಮ್ಯಾಲ ಕೈ ಇಟ್ಟುಕೊಂಡು ನಿಂತುಬಿಟ್ಲು.

"ಮುಸರಿ ಕಲಸಿಲ್ಲೋ ನನ್ನಪ್ಪಾ. ನೀ ಏಳ್ತೀ ಅಂತ ನಾನೂ ನಂಬಿರಲಿಲ್ಲ."

ಹೋರಿ ಹಿಂಗಾಲು ಮಡಚಾಕ ಹತ್ತಿತು. ನನಗ ಎಲ್ಲಿತ್ತೋ ಸಿಟ್ಟು, ನಿಂತು ಅಳಬ್ಯಾಡ, ಇದ್ದದ್ದ ತಗೊಂಡು ಓಡಿ ಬಾ ಅಂತ ಒದರಿದೆ. ಆಕಿ ಓಡಿದ್ಲು. ನಾ ಹೋಗಿ ಹೋರಿ ಪಕ್ಕಡಿಗೆ ಹೆಗಲು ಕೊಟ್ಟೆ, ಆ ಕಡಿಂದ ಫಕ್ಕೀರಪ್ಪ ಕೊಟ್ಟ. ಏನ್ ಭಾರ ಅಂತೀರಿ! ನನ್ನ ಕಿವಿ ಅದರ ಮೈಗೆ ಹತ್ತಿತ್ತು, ಒಳಗ ಎದಿ ಬಡಿಯೋದು ಕೇಳತಿತ್ತು. ನನಗೂ ಕಣ್ಣೀರು ಬಂತು, ಒರಿಸಿಕೊಳ್ಳಾಕ ಕೈ ಖಾಲಿ ಇರಲಿಲ್ಲ.

ಅಡಿವೆವ್ವ ನೆನಿಸದ ಹಿಂಡಿ, ಜೋಳದ ಹಿಟ್ಟು ಏನ್ ಕೈಗೆ ಸಿಕ್ತೋ ಎಲ್ಲಾ ಸೆರಗಿನಾಗ ಹಾಕ್ಕೊಂಡು ಬಂದ್ಲು. ಗ್ವಾದಲಿಗೂ ಸುರುವಲಿಲ್ಲ. ಅವನ ಮುಂದ ನಿಂತು ಸೆರಗು ಒಡ್ಡಿದ್ಲು. ಅಂವ ಮೂಸಿ ನೋಡಿ ತಿನ್ನಾಕ ಹತ್ತಿದ. ಗಾಡಿ ಬಂದ್ ಮಾಡೂದು ಯಾರಿಗೂ ನೆನಪಾಗಲಿಲ್ಲ, ಅದೂ ಕುದೀಲಿಲ್ಲ. ಹೋರಿ ಪೂರಾ ತಿಂದು ಮುಗಿಸೋ ತನಕ ನಾನೂ ಫಕ್ಕೀರಪ್ಪನೂ ಹಂಗ ಹೆಗಲು ಕೊಟ್ಟು ನಿಂತಿದ್ವಿ.