ಏನೂ ಆಗಿಲ್ಲ ಸ್ವಾಮಿ

"ಏಯ್ ಬೇವರ್ಸಿ, ಕಣ್ಣೇನು ಅಡ ಇಟ್ಟಿದ್ದೀಯೇನೋ? ನೋಡು, ಕಾರಿಗೆ ಹೆಂಗೆ ಗೀರು ಬಿದ್ದಿದೆ!"

ಹಿಂದಿನಿಂದ ಬಂದು ನನ್ನ ಸೈಕಲ್ಲಿಗೆ ಗುದ್ದಿದವನು ಆ ಕಾರಿನವನು, ಬೈಸಿಕೊಳ್ಳುತ್ತಿದ್ದವನು ನಾನು. ನಾನಾದರೂ ಏನು ಮಾಡುತ್ತಿದ್ದೆ? ರಸ್ತೆಯಲ್ಲಿ ಮಂಡಿಯೂರಿ, ಒಡೆಯದೆ ಉಳಿದ ಮೊಟ್ಟೆಗಳನ್ನು ಟ್ರೇಗೆ ಜೋಡಿಸುತ್ತಿದ್ದೆ. ಸೈಕಲ್ ಮೇಲೆ ಮೊಟ್ಟೆ ಹೊರುವ ನಮ್ಮ ಹಾಳು ಕಸುಬಿನಲ್ಲಿ ಬಿದ್ದವನು ಮೊದಲು ಮೈ ನೋಡಿಕೊಳ್ಳುವುದಿಲ್ಲ, ಮೊಟ್ಟೆ ನೋಡುತ್ತಾನೆ. ಬಲಗೈ ಬೆರಳು ಮಡಚುತ್ತಿಲ್ಲವೆಂದು ಗೊತ್ತಾದದ್ದೇ ಎತ್ತಿದ ಮೊಟ್ಟೆ ಜಾರಿ ಬಿದ್ದಾಗ.

"ಪೆಟ್ಟಾಯ್ತೇನೋ?" ಟ್ರಾಫಿಕ್ ಪೊಲೀಸಿನವನು ಬಂದು ಕೇಳಿದ.

"ಏನೂ ಆಗಿಲ್ಲ ಸ್ವಾಮಿ, ತಪ್ಪಾಯ್ತು," ಎಂದುಬಿಟ್ಟೆ. ಥೂ, ಈ ನಾಲಿಗೆಗೆ ಬೆಂಕಿ ಬೀಳ!

"ಅವನೇ ಒಪ್ಕೊಂಡ ನೋಡಿ. ಆ ಸೈಕಲ್ ಎಳೆದು ಬಿಸಾಕ್ರಿ, ನಂಗೆ ಮೀಟಿಂಗ್ ಇದೆ," ಎಂದ ಕಾರಿನವನು. ಸೈಕಲ್ಲಿನ ಹಿಂದಿನ ಗಾಲಿ ಸೊಟ್ಟಗಾಗಿ ಅವನ ಬಂಪರಿನಡಿ ಸಿಕ್ಕಿಕೊಂಡಿತ್ತು. ಪೊಲೀಸಿನವನು ಅದಕ್ಕೆ ಕೈ ಹಾಕಿದ.

"ಮುಟ್ಟಬೇಡ್ರೀ ಅದನ್ನ!"

ಗುಂಪು ಸೀಳಿಕೊಂಡು ಬಂದವಳು ನನ್ನ ಅಕ್ಕ. ಎದುರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಮೊಣಕೈವರೆಗೂ ನೊರೆ ಇತ್ತು. ಅವಳ ಗಂಡ, ನನ್ನ ಭಾವ, ಮೊಟ್ಟೆ ಸೈಕಲ್ಲಿನವನೇ ಆಗಿದ್ದ. ಲಾರಿ ಗುದ್ದಿದ ದಿನ ಅವನೂ "ಏನೂ ಆಗಿಲ್ಲ" ಎಂದು ಸೈಕಲ್ ತಳ್ಳಿಕೊಂಡು ಮನೆಗೆ ಬಂದಿದ್ದ. ತಲೆಯೊಳಗೆ ರಕ್ತ ಸೋರುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಬೆಳಗ್ಗೆ ಏಳಲಿಲ್ಲ. ಲಾರಿಯ ನಂಬರು ನೋಡಿದವರಿಲ್ಲ, ಕೇಸೂ ಆಗಲಿಲ್ಲ.

"ಲೇ, ಕೈ ಆಡ್ಸು," ಎಂದಳು. ಆಡಲಿಲ್ಲ. "ಈ ಕೈ ಹೋದ್ರೆ ನಾಳೆ ಹ್ಯಾಂಡಲ್ ಏನು ಬಾಯಲ್ಲಿ ಹಿಡೀತೀಯಾ? ಒಬ್ಬನ್ನ ಮಣ್ಣು ಮಾಡಿದ್ದು ಸಾಲ್ದಾ ನಂಗೆ?"

"ಏಯಮ್ಮ, ದಾರಿ ಬಿಡು. ಅವನೇ ಏನೂ ಆಗಿಲ್ಲ ಅಂದ," ಪೊಲೀಸಿನವನು ಗದರಿದ.

"ಹೆದ್ರಿ ಅಂದಿದ್ದಾನೆ. ಹೆದ್ರಿಸಿದ್ದು ನೀವು." ಗುಂಪಿನ ಕಡೆ ತಿರುಗಿದಳು. "ಸಿನಿಮಾ ನೋಡ್ದಂಗೆ ನಿಂತ್ಕೋಬೇಡ್ರೋ! ಸೈಕಲ್ ಬಿದ್ದಿರೋದು ಬಿದ್ದಂಗೇ ಫೋಟೋ ತೆಗೀರಿ, ನಂಬರೂ ಬೀಳ್ಲಿ. ನೋಡ್ದೋರು ಬಾಯ್ಬಿಡಿ."

ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಹಣ್ಣಿನ ಗಾಡಿಯವನೊಬ್ಬ ಫೋನು ತೆಗೆದ. "ನಾನು ನೋಡಿದ್ದೀನಕ್ಕ. ಹಿಂದಿಂದ ಬಂದು ಗುದ್ದಿದ."

ಕಾರಿನವನು ಒಳಗೆ ಕೂತು ಬಾಗಿಲು ಬಡಿದುಕೊಂಡ. ಕಾರು ಹಿಂದೆ ಸರಿಯುವಷ್ಟರಲ್ಲಿ ಅಕ್ಕ ಓಡಿಹೋಗಿ ಅದರ ಹಿಂದೆ ರಸ್ತೆಯಲ್ಲೇ ಕೂತಳು.

ನಾನು ಟ್ರೇ ಕೈಬಿಟ್ಟೆ. ಉಳಿದ ಮೊಟ್ಟೆಗಳೂ ಒಡೆದವು, ಒಡೆಯಲಿ. ಆ ಲೋಳೆಯಲ್ಲೇ ಸೈಕಲ್ ಪಕ್ಕ, ಕಾರಿನ ಮುಂದೆ ಕೂತೆ.

"ಆಗಿದೆ ಸ್ವಾಮಿ!" ಎಂದು ಕಿರುಚಿದೆ. "ಕೈಗೆ ಸ್ವಾಧೀನ ಇಲ್ಲ. ಗುದ್ದಿದ್ದು ಇವನೇ. ಆಂಬುಲೆನ್ಸ್ ಬರ್ಲಿ, ಕೇಸ್ ಬರೀರಿ. ಅಲ್ಲೀವರ್ಗೂ ಸೈಕಲ್ಲೂ ಏಳಲ್ಲ, ನಾನೂ ಏಳಲ್ಲ."

ಹಾರ್ನ್ ಕಿವಿ ಕಿತ್ತುಹೋಗುವಂತೆ ಬಡಿದುಕೊಂಡಿತು. ಬಂಪರು ಮುಂದೆ ಬಂದು ನನ್ನ ಎದೆಗೆ ತಾಗಿತು. ನಾನು ಸರಿಯಲಿಲ್ಲ.